ಪ್ರತಿಕ್ರಿಯೆ: ನಿಧಾನ ಓದುವವರಿಗೆ ಮೊದಲು ಕತೆ, ಆಮೇಲೆ ಕಾದಂಬರಿ

ಮಂಜೇಶ್ವರದ ನಿಮ್ಮ ಓದುಬಳಗದ ಹತ್ತು ಮಂದಿಗೆ ಹೊಸ ಕಾದಂಬರಿ, ಕಥಾಸಂಕಲನ, ಆತ್ಮಕಥೆ ಕೇಳಿದ್ದೀರಿ. ಅರ್ಧ ಜನ ಮಲಯಾಳ ಮಾಧ್ಯಮದಲ್ಲಿ ಕಲಿತವರು ಎಂದೂ ಬರೆದಿದ್ದೀರಿ.

ಹಾಗಾದರೆ ದಯವಿಟ್ಟು ಕಾದಂಬರಿಯಿಂದ ಶುರುಮಾಡಬೇಡಿ. ನಿಧಾನ ಓದುವವರು ಅರ್ಧಕ್ಕೆ ನಿಂತರೆ ಮುಂದಿನ ಸಲ ಬರಲು ಸಂಕೋಚಪಡುತ್ತಾರೆ. ಮೊದಲು ಬಾನು ಮುಷ್ತಾಕ್ ಅವರ ಒಂದೇ ಕತೆ, ‘ಎದೆಯ ಹಣತೆ’. ಅವರಿಗೆ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ದೀಪಾ ಭಾಸ್ತಿ ಅನುವಾದಿಸಿದ 12 ಕತೆಗಳ ಇಂಗ್ಲಿಷ್ ಸಂಕಲನಕ್ಕೆ. ಅಂಗಡಿಯಲ್ಲಿ ‘ಬೂಕರ್ ಪುಸ್ತಕ’ ಎಂದಷ್ಟೇ ಹೇಳಿದರೆ ಅದೇ ಕೈಗೆ ಬರುತ್ತದೆ, ಕನ್ನಡದ್ದೇ ಬೇಕೆಂದು ಒತ್ತಿ ಹೇಳಿ. ತವರೂ ಕೈಬಿಟ್ಟ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಮಗಳು ಸಲ್ಮಾ ತಡೆಯುವ ಭಾಗವನ್ನು ಯಾರಾದರೊಬ್ಬರು ಗಟ್ಟಿಯಾಗಿ ಓದಲಿ. ಅಲ್ಲಿ ಮಾತು ತಾನಾಗಿ ಹುಟ್ಟುತ್ತದೆ.

ಮುಂದಿನ ತಿಂಗಳು ವಿವೇಕ ಶಾನಭಾಗರ ಕಾದಂಬರಿ ‘ಸಕೀನಾಳ ಮುತ್ತು’ (2021). ವಾಕ್ಯಗಳು ಸರಳ, ಆದರೆ ಕತೆ ಹೇಳುವ ಅಪ್ಪನನ್ನು ಪೂರ್ತಿ ನಂಬುವಂತಿಲ್ಲ. ಈ ಗುಟ್ಟನ್ನು ಮೊದಲೇ ಬಿಟ್ಟುಕೊಡಬೇಡಿ.

ಆತ್ಮಕಥೆಗೆ ಹೊಸದೇ ಆಗಬೇಕೆಂಬ ಹಟ ಬೇಡ. ನಿಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಹೊತ್ತು ಕಂತುವ ಮುನ್ನ’ ಇದೆ.

ಹತ್ತು ಮಂದಿಗೆ ನಾಲ್ಕು ಪ್ರತಿ ಸಾಕು, ಒಬ್ಬರಿಗೆ ಹತ್ತು ದಿನ. ತರಿಸುವ ಮೊದಲು ಪ್ರಕಾಶಕರಿಗೆ ಫೋನ್ ಮಾಡಿ ಪ್ರತಿ ಇದೆಯೇ ಕೇಳಿ. ಮರುಮುದ್ರಣಕ್ಕೆ ಕಾಯಬೇಕಾದರೆ ಕ್ರಮ ಬದಲಿಸಿ.