ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಗೆ ಹೊಸದಾಗಿ ಬಂದೋರು ಕೇಳಿದ್ದಕ್ಕೆ: ಬಾಡಿಗೆ, ಲೈಸೆನ್ಸು, ಮತ್ತೆ ಬ್ಯಾಸ್ಕೆಟ್‌ಬಾಲ್ ಹುಡುಗರು

ಕನ್ನಡ ಸಂಘದ ಯುಗಾದಿ ಊಟದ ದಿನ ಸಾಲಲ್ಲಿ ನಿಂತ್ಕೊಂಡೇ ಕೇಳಿದ್ರಿ, ಆಮೇಲೆ ಮೆಸೇಜಲ್ಲೂ ಬರ್ದಿದೀರಾ. "ಅಕ್ಕ, ಆಫೀಸಲ್ಲಿ ಎಲ್ರೂ ಯಾವ್ದೋ ಹೈಸ್ಕೂಲ್ ಹುಡುಗ ಯಾವ ಕಾಲೇಜಿಗೆ ಸೇರ್ತಾನೆ ಅಂತಾನೇ ಮಾತಾಡ್ತಾರೆ, ನಂಗೆ ತಲೆಬುಡ ತಿಳಿಯಲ್ಲ, ಆರ್‌ಸಿಬಿ ಬಿಟ್ರೆ ಬೇರೆ ನೋಡಿದವನಲ್ಲ ನಾನು, ಇಲ್ಲಿ ಯಾರ ಕಡೆ ಅನ್ಬೇಕು, ಮನೆ ಎಲ್ಲಿ ಮಾಡೋದು, ಲೈಸೆನ್ಸ್ ಹೇಗೆ, ಮಗ ಹತ್ತನೇ ಕ್ಲಾಸು, ಆರಡಿ ಹತ್ರ ಇದಾನೆ, ಬೆಂಗಳೂರಲ್ಲಿ ಸ್ಕೂಲ್ ಟೀಮಿಗೆ ಆಡ್ತಿದ್ದ, ಜೂನಲ್ಲಿ ಬರ್ತಾನೆ, ಅವನಿಗಿಲ್ಲಿ ಚಾನ್ಸ್ ಇದ್ಯಾ" ಅಂತ. ಅಕ್ಕ ಅಂದ್ರಲ್ಲ, ಅದಕ್ಕೇ ಉದ್ದ ಬರೀತಿದೀನಿ, ಬೇಜಾರಾದ್ರೆ ಅರ್ಧಕ್ಕೆ ಬಿಡಿ.

ಮನೆ ಮಾರಿಸ್‌ವಿಲ್ ಇಲ್ಲಾ ಕ್ಯಾರಿ, ಜಾಸ್ತಿ ತಲೆ ಕೆಡಿಸ್ಕೋಬೇಡಿ. ಅಡ್ರೆಸ್ ಹಾಕಿ ಯಾವ ಸ್ಕೂಲ್ ಬರುತ್ತೆ ಅಂತ ನೋಡ್ಕೊಂಡು ಆಮೇಲೆ ಸೈನ್ ಮಾಡಿ, ಪಕ್ಕದ ಬೀದಿಗೇ ಬೇರೆ ಸ್ಕೂಲ್ ಇರುತ್ತೆ. ಲೈಸೆನ್ಸಿಗೆ ಪುಸ್ತಕ ಓದಿ, ಊರಲ್ಲಿ ಹದಿನೈದು ವರ್ಷ ಓಡ್ಸಿದೀನಿ ಅನ್ನೋದು ಇಲ್ಲಿ ನಡೆಯಲ್ಲ, ಸ್ಟಾಪ್ ಬೋರ್ಡ್ ಅಂದ್ರೆ ಪೂರ್ತಿ ನಿಲ್ಸೋದು. ಸಾಮಾನು ಪಟೇಲ್ ಬ್ರದರ್ಸಲ್ಲಿ, ದೇವಸ್ಥಾನ ಕ್ಯಾರಿಯ ವೆಂಕಟೇಶ್ವರ, ಮಿಕ್ಕಿದ್ದು ನಿಮಗೇ ಗೊತ್ತಾಗುತ್ತೆ.

ಇನ್ನು ಆಟದ ವಿಷ್ಯ, ಇಲ್ಲಿ ಆಟ ಅಂದ್ರೆ ಕಾಲೇಜ್ ಬ್ಯಾಸ್ಕೆಟ್‌ಬಾಲ್. ಡರ್ಹಮಲ್ಲಿ ಡ್ಯೂಕ್, ಚಾಪಲ್ ಹಿಲ್ಲಲ್ಲಿ ಕ್ಯಾರೊಲೈನಾ (ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿ), ರಾಲಿಲಿ ಎನ್‌ಸಿ ಸ್ಟೇಟ್, ಮೂರೂ ಯೂನಿವರ್ಸಿಟಿಗಳೇ. ಡ್ಯೂಕಿಗೂ ಕ್ಯಾರೊಲೈನಾಗೂ ಮಧ್ಯೆ ಹತ್ತು ಮೈಲಿ ದಾರಿ, ಅಷ್ಟರಲ್ಲೇ ಹನ್ನೊಂದು ರಾಷ್ಟ್ರೀಯ ಕಪ್ ಇದಾವೆ, ನಮ್ಮ ಕ್ಯಾರೊಲೈನಾದ್ದು ಆರು ಡ್ಯೂಕಿಂದು ಐದು (ಇದನ್ನ ಬಾಯಿಪಾಠ ಮಾಡ್ಕೊಳ್ಳಿ, ಬೇಕಾಗುತ್ತೆ). ಮೊದಲ ವರ್ಷ ಯಾರಾದ್ರೂ ಕೇಳಿದ್ರೆ ಸ್ಟೇಟ್ ಅಂತ ಹೇಳ್ಬಿಡಿ, ಯಾರಿಗೂ ಕೋಪ ಬರಲ್ಲ, ಆರ್‌ಸಿಬಿಯವ್ರಿಗೆ ಅದೇ ಹೊಂದೋದು ಕೂಡ. 1983ರಲ್ಲಿ ಕಪ್ ಗೆದ್ದಿದ್ದು, ಆಮೇಲೆ ಕಾಯೋದೇ ಆಯ್ತು, 2024ರಲ್ಲಿ ಐದು ದಿನ ಐದು ಪಂದ್ಯ ಗೆದ್ದು ಎಸಿಸಿ (ಈ ಮೂರೂ ಇರೋ ಕಾಲೇಜುಗಳ ಗುಂಪು, ಕಾನ್ಫರೆನ್ಸ್ ಅಂತಾರೆ) ಟ್ರೋಫಿ ತಗೊಂಡು ಸೀದಾ ಫೈನಲ್ ಫೋರ್, ಅಂದ್ರೆ ರಾಷ್ಟ್ರೀಯ ಟೂರ್ನಿಯ ಕೊನೆ ನಾಲ್ಕು ಟೀಮ್ ತನಕ ಹೋಗ್ಬಿಟ್ರು, ಅವತ್ತು ನಮ್ಮ ಬೀದಿಲಿ ಸ್ಟೇಟ್ ಕಡೆಯವ್ರ ಮುಖ ನೋಡ್ಬೇಕಿತ್ತು.

ನಾವು ಬಂದಿದ್ದು 2005ರ ಚಳಿಗಾಲ. ಯಜಮಾನ್ರಿಗೆ ಚಾಪಲ್ ಹಿಲ್ಲಲ್ಲಿ ಲ್ಯಾಬ್ ಕೆಲ್ಸ, ಪಕ್ಕದ ಕಾರ್‌ಬರೋಲಿ ಚಿಕ್ಕ ಅಪಾರ್ಟ್‌ಮೆಂಟು. ಏಪ್ರಿಲ್ 4ರ ರಾತ್ರಿ ಅವ್ರು ಲ್ಯಾಬಲ್ಲಿದ್ರು, ನಾನೊಬ್ಳೇ, ಇದ್ದಕ್ಕಿದ್ದ ಹಾಗೆ ಹೊರಗೆ ಕೂಗಾಟ, ಹಾರ್ನ್, ಜನ ಎಲ್ಲಾ ಒಂದೇ ಕಡೆ ಓಡ್ತಾ ಇದಾರೆ, ದೂರದಲ್ಲಿ ಬೆಂಕಿ ಕಾಣಿಸ್ತಿದೆ. 2000ದಲ್ಲಿ ಅಣ್ಣಾವ್ರ ಅಪಹರಣ ಆದಾಗ ಬೆಂಗಳೂರು ನೋಡಿದ್ದವಳು ನಾನು, ಇಲ್ಲೂ ಗಲಾಟೆ ಶುರುವಾಯ್ತು ಅಂದ್ಕೊಂಡು ಚಿಲಕ ಹಾಕಿ ದೀಪ ಆರಿಸಿ ಕೂತೆ. ಕೆಳಗಡೆ ಮನೆ ಅಜ್ಜ, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವ್ರು, ಬಾಗಿಲು ತಟ್ಟಿ ನಗ್ತಾ ಹೇಳಿದ್ರು, ಹೆದರ್ಬೇಡಮ್ಮ ಗೆದ್ವಿ ಅಂತ. ರಾಷ್ಟ್ರೀಯ ಫೈನಲಲ್ಲಿ ಕ್ಯಾರೊಲೈನಾ ಇಲಿನಾಯ್ ಮೇಲೆ 75-70. ಆ ಅಜ್ಜನೇ ಆಮೇಲೆ ನಂಗೆ ಆಟ ಕಲಿಸಿದ್ದು.

ಆ ಟೀಮಲ್ಲಿ ಮಾರ್ವಿನ್ ವಿಲಿಯಮ್ಸ್ ಅಂತ ಫ್ರೆಶ್‌ಮನ್, ಅಂದ್ರೆ ಕಾಲೇಜಿನ ಮೊದಲ ವರ್ಷದ ಹುಡುಗ. ಊರೆಲ್ಲಾ ಹೆಸರಿದ್ರೂ ಅವನು ಶುರುವಿನ ಐದು ಜನರಲ್ಲಿ ಇರ್ತಿರಲಿಲ್ಲ, ಬೆಂಚಿಂದ ಎದ್ದು ಬರ್ತಿದ್ದ. ಅವತ್ತು ಕೊನೆ ಒಂದೂವರೆ ನಿಮಿಷದಲ್ಲಿ 70-70 ಸಮ ಇದ್ದಾಗ ರಿಂಗಿಗೆ ಬಡಿದು ಬಂದ ಚೆಂಡನ್ನ ತಟ್ಟಿ ಒಳಗೆ ಹಾಕಿದ್ದು ಅವನೇ. ಮೂರು ತಿಂಗಳೊಳಗೆ ಎನ್‌ಬಿಎ ಡ್ರಾಫ್ಟಲ್ಲಿ (ದುಡ್ಡಿಗೆ ಆಡೋ ದೊಡ್ಡ ಲೀಗಿನ ಟೀಮ್‌ಗಳು ಸರದಿ ಪ್ರಕಾರ ಹುಡುಗರನ್ನ ಆರಿಸೋದು) ಎರಡನೇ ನಂಬರಿಗೆ ಅಟ್ಲಾಂಟಾ ತಗೊಳ್ತು, ಅಲ್ಲಿಂದ ಶುರು ನೋಡಿ. ಎರಡು ನಂಬರ್ ಬಿಟ್ಟು ಅದೇ ಡ್ರಾಫ್ಟಲ್ಲಿ ಕ್ರಿಸ್ ಪಾಲ್ ಇದ್ದ, ಅವನೂ ನಮ್ಮ ನಾರ್ತ್ ಕ್ಯಾರೊಲೈನಾದವನೇ, ಅವನು ಆಗಿದ್ದೇನು ಇವನು ಆಗಿದ್ದೇನು ಅಂತ ಹದಿನೈದು ವರ್ಷ ಜನ ಮಾರ್ವಿನ್‌ನ ಆಡ್ಕೊಂಡ್ರು. ಹದಿನೈದು ವರ್ಷ ಎನ್‌ಬಿಎಲಿ ಆಡಿದ್ದಾನೆ ರೀ ಅವನು, ಅದೇನು ಸಣ್ಣದಾ? ನಂಗೆ ಇಷ್ಟವಾಗಿದ್ದು ಇನ್ನೊಂದು, ಬೇಸಿಗೆ ಬೇಸಿಗೆ ವಾಪಸ್ ಬಂದು ಕ್ಲಾಸಲ್ಲಿ ಕೂತು 2014ರಲ್ಲಿ ಡಿಗ್ರಿ ಮುಗಿಸ್ದ. ಎರಡನೇ ನಂಬರ್ ಕೊಟ್ಟಿದ್ದು ಯಾರೋ, ಅದರ ಲೆಕ್ಕ ಕೇಳಿದ್ದು ಮಾತ್ರ ಅವನನ್ನ.

ನಿಮ್ಮ ಆಫೀಸಲ್ಲಿ ಸ್ಟಾರ್ ಸ್ಟಾರ್ ಅಂತಾರಲ್ಲ, ಅದಿಷ್ಟೇ. ಹದಿನೈದು ಹದಿನಾರು ವರ್ಷಕ್ಕೇ ಹುಡುಗರನ್ನ ನೋಡಿ ರ್‍ಯಾಂಕ್ ಹಾಕೋ ವೆಬ್‌ಸೈಟ್‌ಗಳಿವೆ, ಐದು ಸ್ಟಾರ್ ಅಂದ್ರೆ ದೇಶದಲ್ಲೇ ಮೇಲಿನ ಸಾಲು. ಸಿಇಟಿ ರ್‍ಯಾಂಕ್ ಬಂದ ದಿನಾನೇ ಪಕ್ಕದ ಮನೆಯವ್ರು ಹುಡುಗನ್ನ ಡಾಕ್ಟರ್ ಮಾಡಿ ನರ್ಸಿಂಗ್ ಹೋಮೂ ಕಟ್ಟಿಸಿಬಿಡ್ತಾರಲ್ಲ, ಥೇಟ್ ಅದೇ. ಮೊದಲು ಹೀಗಿರ್ಲಿಲ್ಲವಂತೆ, 1972ರ ತನಕ ಮೊದಲ ವರ್ಷದ ಹುಡುಗರಿಗೆ ಮೇನ್ ಟೀಮಲ್ಲಿ ಆಡೋಕೇ ಬಿಡ್ತಿರಲಿಲ್ಲ. ಕ್ಯಾರೊಲೈನಾಗೆ ಡೀನ್ ಸ್ಮಿತ್ ಕೋಚ್ ಆಗಿದ್ದಾಗ, 1981ರಲ್ಲಿ, ಒಂದು ದೊಡ್ಡ ಸ್ಪೋರ್ಟ್ಸ್ ಮ್ಯಾಗಜೀನ್ ಕವರ್ ಪೇಜಿಗೆ ಟೀಮಿನ ಫೋಟೊ ಕೇಳಿದ್ರೆ ನಾಲ್ಕು ಜನರನ್ನ ನಿಲ್ಸಿದ್ರು, ಐದನೆಯವನು ಫ್ರೆಶ್‌ಮನ್, ಇನ್ನೂ ಏನೂ ಆಡಿಲ್ಲ, ಬೇಡ ಅಂತ. ಆ ಐದನೆಯವನು ಮೈಕೆಲ್ ಜಾರ್ಡನ್. ಮಾರ್ಚಲ್ಲಿ ಜಾರ್ಜ್‌ಟೌನ್ ಮೇಲೆ 63-62 ಗೆಲ್ಸಿದ ಶಾಟ್ ಅವನದ್ದೇ. ಈಗ ಯಾವ ಕೋಚಿಗಿದೆ ಹಾಗೆ ಬೇಡ ಅನ್ನೋ ಧೈರ್ಯ?

ಕೆಳಮನೆ ಅಜ್ಜಂದು ಒಂದು ರೂಲ್ ಇತ್ತು, ಫೆಬ್ರವರಿ ತನಕ ಯಾವ ಫ್ರೆಶ್‌ಮನ್‌ನೂ ಬೈಬಾರ್ದು, ಹೊಗಳ್ಲೂಬಾರ್ದು. ನವೆಂಬರಲ್ಲಿ ಸೀಸನ್ ಶುರು, ಹುಡುಗ ಮನೆ ಬಿಟ್ಟು ಬಂದು ಮೂರು ತಿಂಗಳಾಗಿರುತ್ತೆ, ಎದುರಿಗಿರೋವ್ನು ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಗಂಡಸು, ಹೈಸ್ಕೂಲಲ್ಲಿ ತಳ್ಳಿಕೊಂಡು ಹೋಗ್ತಿದ್ದ ಜಾಗದಲ್ಲಿ ಇಲ್ಲಿ ಗೋಡೆ ಸಿಗುತ್ತೆ. ಡಿಫೆನ್ಸಲ್ಲಿ ಎಲ್ಲಿ ನಿಲ್ಬೇಕು ಅಂತ ಯೋಚ್ನೆ ಮಾಡೋ ಅಷ್ಟರಲ್ಲಿ ಚೆಂಡು ಬುಟ್ಟಿಲಿರುತ್ತೆ. ಅದು ಮೈಗೆ ಹತ್ತೋಕೆ ಟೈಮ್ ಬೇಕು, ಬಯ್ಯೋದ್ರಿಂದ ಬೇಗ ಹತ್ತಲ್ಲ.

ಕ್ಯಾರೊಲೈನಾದ ಹ್ಯಾರಿಸನ್ ಬಾರ್ನ್ಸ್‌ನ ನೋಡಿ. 2010ರಲ್ಲಿ ಒಂದು ಪಂದ್ಯನೂ ಆಡೋಕೆ ಮುಂಚೆ ಆಲ್ ಅಮೆರಿಕನ್, ಅಂದ್ರೆ ದೇಶದ ಮೇಲಿನ ಐದು ಜನರಲ್ಲಿ ಒಬ್ಬ ಅಂತ ಎಪಿ ಸುದ್ದಿಸಂಸ್ಥೆಯವ್ರು ಆರಿಸಿದ್ರು, ಫ್ರೆಶ್‌ಮನ್‌ಗೆ ಆ ಹೆಸರು ಬಂದಿದ್ದು ಅದೇ ಮೊದಲು. ನವೆಂಬರಲ್ಲಿ ಮಿನೆಸೋಟ ಮೇಲೆ ಹನ್ನೆರಡು ಶಾಟ್ ಹೊಡೆದು ಒಂದೂ ಹಾಕ್ಲಿಲ್ಲ. ಅಯ್ಯೋ, ಅಂಗಡಿಲಿ, ಬಸ್ಸಲ್ಲಿ, ಡೆಂಟಿಸ್ಟ್ ಹತ್ರ, ಎಲ್ಲಾ ಕಡೆ ಅದೇ, ಮೋಸ ಹೋದ್ವಿ ಅಂತ. ಅಜ್ಜ ಮಾತ್ರ ಕ್ಯಾಲೆಂಡರ್ ತೋರಿಸ್ತಿದ್ರು. ಮಾರ್ಚಲ್ಲಿ ಎಸಿಸಿ ಟೂರ್ನಿಲಿ ಕ್ಲೆಮ್‌ಸನ್ ಮೇಲೆ ಅದೇ ಹುಡುಗ 40 ಪಾಯಿಂಟ್ ಹೊಡೆದ. ಮೋಸ ಹೋದ್ವಿ ಅಂದಿದ್ದವ್ರೆಲ್ಲಾ ಮಾರನೇ ದಿನ ನಾನು ಮೊದಲೇ ಹೇಳಿದ್ದೆ ಅಂತ ಶುರು ಮಾಡಿದ್ರು.

ಲೂಕ್ ಮೇಯ್ ಕಥೆ ನಮ್ಮಮ್ಮಂಗೂ ಫೋನಲ್ಲಿ ಹೇಳಿದೀನಿ. ಇಲ್ಲೇ ಹಂಟರ್ಸ್‌ವಿಲ್ ಹುಡುಗ, ಸ್ಕಾಲರ್‌ಶಿಪ್ ಗ್ಯಾರಂಟಿ ಇಲ್ಲದೇನೇ ಕ್ಯಾರೊಲೈನಾಗೆ ಬಂದವನು, ಮೊದಲ ವರ್ಷ ಬೆಂಚಲ್ಲೇ. 2017ರಲ್ಲಿ ಕೆಂಟಕಿ ಮೇಲೆ ಸೆಕೆಂಡಿಗಿಂತ ಕಮ್ಮಿ ಉಳಿದಿರುವಾಗ ಗೆಲುವಿನ ಶಾಟ್ ಹಾಕಿ 75-73, ಮಾರನೇ ದಿನ ಬೆಳಗ್ಗೆ 8 ಗಂಟೆ ಕ್ಲಾಸಿಗೆ ಹೋಗಿ ಕೂತಿದ್ದ, ಹುಡುಗ್ರೆಲ್ಲಾ ಎದ್ದು ಚಪ್ಪಾಳೆ. ಇಷ್ಟು ಹೇಳಿದ್ರೆ ಅಮ್ಮ ತಿಪಟೂರಿಂದ ಕೇಳಿದ್ದು, ಪಾಸಾದ್ನಾ ಅಂತ. ಪಾಸಾದ, ಮುಂದಿನ ವರ್ಷ ಪಂದ್ಯಕ್ಕೆ ಹದಿನೇಳರ ಹತ್ರ ಪಾಯಿಂಟೂ ಹೊಡೆದ.

ನಂಗೆ ಬೇಜಾರಿರೋದು ಇಲ್ಲೇ. ಟೈಲರ್ ಹ್ಯಾನ್ಸ್‌ಬರೋ ಅಂತ ಒಬ್ಬ ಇದ್ದ, 2005ರಿಂದ 2009, ನಾಲ್ಕೂ ವರ್ಷ ಇಲ್ಲೇ. ಮೊದಲ ವರ್ಷ ನಂಗೆ ಇಂಗ್ಲಿಷಲ್ಲಿ ಫೋನ್ ಎತ್ತೋಕೇ ಭಯ, ಅವನ ಎರಡನೇ ವರ್ಷಕ್ಕೆ ಕಾರ್ ಓಡಿಸ್ತಿದ್ದೆ, ಮೂರನೇ ವರ್ಷ ಮಗಳು ಹುಟ್ಟಿದ್ಲು, ನಾಲ್ಕನೇ ವರ್ಷ ಅವ್ನು ಕಪ್ ಗೆದ್ದಾಗ ಅವ್ಳು ಟಿವಿ ಮುಂದೆ ಕುಣೀತಿದ್ಲು. ಊರಲ್ಲಿ ಯಾರ ಮದುವೆ ಯಾವಾಗಾಯ್ತು ಅಂತ ಮರೆತಿದೀನಿ, ಅವನ ಮೂಗು ಯಾವ ವರ್ಷ ಒಡೀತು ಅಂತ ಗೊತ್ತು (ಮಾರ್ಚ್ 2007, ಡ್ಯೂಕ್ ಪಂದ್ಯ, ಕೇಳ್ಬೇಡಿ). ನಮ್ಮ ಮಕ್ಕಳನ್ನ ನೋಡಿದ ಹಾಗೆ ಬೆಳೆಯೋದನ್ನ ನೋಡ್ತಿದ್ವಿ. ಈಗ ಅದಿಲ್ಲ. ಒಳ್ಳೆಯವನು ಒಂದೇ ವರ್ಷಕ್ಕೆ ಎನ್‌ಬಿಎಗೆ, ಡ್ರಾಫ್ಟ್ ಆಗೋ ವರ್ಷದಲ್ಲಿ ಹತ್ತೊಂಬತ್ತು ತುಂಬ್ಬೇಕು, ಹೈಸ್ಕೂಲ್ ಮುಗಿಸಿ ವರ್ಷ ಆಗಿರ್ಬೇಕು ಅನ್ನೋ ರೂಲಿಗೋಸ್ಕರ ಇಲ್ಲಿ ಬಂದಿರ್ತಾನೆ ಅಷ್ಟೇ. ಸುಮಾರಾದವನು ಟ್ರಾನ್ಸ್‌ಫರ್ ಪೋರ್ಟಲಿಗೆ (ಕಾಲೇಜು ಬದಲಾಯಿಸೋರ ಪಟ್ಟಿ), 2021ರಿಂದ ಒಂದು ವರ್ಷ ಆಡದೇ ಕೂರದೇನೇ ಬೇರೆ ಕಾಲೇಜಿಗೆ ಹೋಗಿ ಆಡ್ಬಹುದು. ಅದೇ ವರ್ಷ ಜುಲೈಯಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿ ದುಡ್ಡೂ ಮಾಡ್ಬಹುದು. ಅದು ತಪ್ಪು ಅಂತ ನಾನು ಹೇಳಲ್ಲ, ಕೋಚ್‌ಗಳಿಗೆ ಕೋಟಿ ಕೋಟಿ ಕೊಟ್ಟು ಹುಡುಗರ ಕೈಗೆ ಬರೀ ಸ್ಕಾಲರ್‌ಶಿಪ್ ಇಟ್ಟಿದ್ದು ಅನ್ಯಾಯವೇ ಆಗಿತ್ತು. ಆದ್ರೆ ಅವತ್ತಿಂದ ಫ್ಯಾನ್‌ಗಳ ಮಾತಿನ ಧಾಟಿನೇ ಬೇರೆ ಆಯ್ತು, ದುಡ್ಡು ತಗೊಂಡಿದಾನೆ ಆಡ್ಲಿ ಅಂತ, ಇವ್ರೇ ಸಂಬಳ ಕೊಡೋ ಯಜಮಾನ್ರ ಹಾಗೆ. ಕಾಯೋಕೆ ಯಾರಿಗೂ ಪುರುಸೊತ್ತಿಲ್ಲ, ಹುಡುಗರಿಗೂ ಇಲ್ಲ.

ಕ್ಯಾರೊಲೈನಾದ ಕೇಲಬ್ ಲವ್‌ಗೆ ಆಗಿದ್ದು ಕಣ್ಣಾರೆ ನೋಡಿದೆ. 2022 ಏಪ್ರಿಲ್ 2, ನ್ಯೂ ಆರ್ಲಿಯನ್ಸಲ್ಲಿ ಡ್ಯೂಕ್ ಮೇಲೆ 28 ಪಾಯಿಂಟು, 81-77, ಅದು ಡ್ಯೂಕಿನ ಹೆಸರಾಂತ ಕೋಚ್ ಕೆ (ಮೈಕ್ ಶಶೆವ್‌ಸ್ಕಿ) ಅವ್ರ ಕೊನೆ ಪಂದ್ಯ, ಈ ಊರಲ್ಲಿ ಅದಕ್ಕಿಂತ ದೊಡ್ಡ ಗೆಲುವು ಇರೋಕೇ ಸಾಧ್ಯ ಇಲ್ಲ. ಎರಡು ದಿನ ಬಿಟ್ಟು ಫೈನಲಲ್ಲಿ ಕ್ಯಾನ್ಸಸ್ ಮೇಲೆ 24 ಶಾಟಲ್ಲಿ ಐದು ಹಾಕ್ದ, ಮೂರು ಪಾಯಿಂಟಲ್ಲಿ ಸೋತ್ವಿ. ಮುಂದಿನ ವರ್ಷ ಟೀಮಿಗೆ ಶುರುವಲ್ಲೇ ನಂಬರ್ ಒನ್ ರ್‍ಯಾಂಕ್ ಕೊಟ್ರು, ಕೊನೆಗೆ ರಾಷ್ಟ್ರೀಯ ಟೂರ್ನಿಗೇ ಹೋಗ್ಲಿಲ್ಲ, ಅಷ್ಟೂ ಪಾಪ ಒಬ್ಬನ ತಲೆ ಮೇಲೆ. ಹೋದ, ಆರಿಜೋನಾಗೆ ಸೇರ್ದ, ಮುಂದಿನ ವರ್ಷ ಆ ಕಾನ್ಫರೆನ್ಸಿನ ಬೆಸ್ಟ್ ಪ್ಲೇಯರ್ ಆದ. ಓಡಿಸಿದವ್ರೇ ಆಮೇಲೆ ಬಿಟ್ಟಿದ್ಯಾಕೆ ಅಂದ್ರು. ಕೂಪರ್ ಫ್ಲ್ಯಾಗ್‌ನೂ ಬಿಡ್ಲಿಲ್ಲ. ಆ ಹುಡುಗ ಡ್ಯೂಕಲ್ಲಿ ಆಡೋಕೆ ಶುರು ಮಾಡಿದಾಗ ಹದಿನೇಳು, ಡಿಸೆಂಬರಲ್ಲಿ ಹದಿನೆಂಟು ತುಂಬ್ತು, ಅಷ್ಟು ಚಿಕ್ಕವನು ದೇಶದ ಬೆಸ್ಟ್ ಪ್ಲೇಯರ್ ಆದ. 2025 ಏಪ್ರಿಲಲ್ಲಿ ಹ್ಯೂಸ್ಟನ್ ಮೇಲೆ 70-67 ಸೋತಾಗ ಕೊನೆಗೆ ಅವನ ಒಂದು ಶಾಟ್ ಬೀಳ್ಲಿಲ್ಲ ಅಷ್ಟೇ, ಡ್ಯೂಕ್ ಫ್ಯಾನ್‌ಗಳೇ ಏನೇನು ಅಂದ್ರು. ಡ್ಯೂಕ್ ಸೋತ್ರೆ ಪಾಯಸ ಮಾಡೋಳು ನಾನು, ಅವತ್ತು ಮಾಡ್ಲಿಲ್ಲ.

ಒಂದು ಎಚ್ಚರಿಕೆ, ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮಾರ್ಚ್ 2024ರಿಂದ ನಮ್ಮ ರಾಜ್ಯದಲ್ಲಿ ಫೋನಲ್ಲೇ ಬೆಟ್ಟಿಂಗ್ ಲೀಗಲ್. ಆಫೀಸಲ್ಲಿ ಸುಮ್ನೆ ಹತ್ತು ಡಾಲರ್ ಹಾಕಿ ಅಂತಾರೆ. ಬೇಡ. ಅದೇ ಮಾರ್ಚಲ್ಲಿ ಕ್ಯಾರೊಲೈನಾದ ಅರ್ಮಾಂಡೋ ಬೇಕಾಟ್‌ಗೆ ಪಂದ್ಯ ಗೆದ್ದ ಮೇಲೂ ಬೈಗುಳದ ಮೆಸೇಜ್ ನೂರಕ್ಕೂ ಜಾಸ್ತಿ ಬಂದ್ವು ಅಂತ ಅವನೇ ಹೇಳ್ದ, ಯಾಕೆ ಅಂದ್ರೆ ಜನ ಬೆಟ್ ಕಟ್ಟಿದ್ದಷ್ಟು ರಿಬೌಂಡ್ (ತಪ್ಪಿದ ಶಾಟಿನ ಚೆಂಡನ್ನ ಹಿಡಿಯೋದು) ಅವನು ತಗೊಳ್ಳಲಿಲ್ಲ ಅಂತ. ನಮ್ಮ ಕನ್ನಡದವ್ರಲ್ಲೇ ಒಬ್ರು ಮನೆ ಡೌನ್ ಪೇಮೆಂಟಿಗೆ ಇಟ್ಟಿದ್ದ ದುಡ್ಡು ಕಳ್ಕೊಂಡ್ರು, ಹೆಂಡತಿಗೆ ಗೊತ್ತಾಗಿದ್ದು ಆಮೇಲೆ. ವೀಸಾ ಮೇಲೆ ಇರೋವ್ರಿಗೆ ಇಂಥ ತಲೆನೋವು ಯಾಕೆ.

ಮಗನ ವಿಷ್ಯ. ಆಡ್ಲಿ, ಖಂಡಿತ ಆಡ್ಲಿ, ಸ್ನೇಹಿತ್ರು ಸಿಗ್ತಾರೆ, ಹತ್ತನೇ ಕ್ಲಾಸಲ್ಲಿ ಹೊಸ ದೇಶಕ್ಕೆ ಬರೋ ಹುಡುಗನಿಗೆ ಅದೇ ದೊಡ್ಡದು. ಮೊದಲು ಟೌನಿನವ್ರು ಎಲ್ಲಾ ಮಕ್ಕಳಿಗೂ ನಡೆಸೋ ರೆಕ್ ಲೀಗ್‌ಗೆ ಸೇರ್ಸಿ. ಸ್ಕೂಲ್ ಟೀಮ್ ಟ್ರೈಔಟಲ್ಲಿ ಆಯ್ಕೆ ಆಗದಿದ್ರೆ ಮನೇಲಿ ಮುಖ ಸಪ್ಪೆ ಮಾಡ್ಬೇಡಿ, ಜಾರ್ಡನ್‌ನೇ ವಿಲ್ಮಿಂಗ್ಟನಲ್ಲಿ ಹತ್ತನೇ ಕ್ಲಾಸಿನಲ್ಲಿ ಎರಡನೇ ಟೀಮಿಗೆ ಹಾಕಿದ್ರು. ಊರೂರು ಸುತ್ತೋ ಕ್ಲಬ್ ಟೀಮಿನವ್ರು ಬಂದು ನಿಮ್ಮ ಹುಡುಗನ್ನ ಕಾಲೇಜ್ ಕೋಚ್‌ಗಳು ನೋಡ್ತಾರೆ ಅಂತ ಫೀಸ್ ಕೇಳ್ತಾರೆ, ಹೋಟೆಲ್ಲು, ಪೆಟ್ರೋಲು, ಶೂಸು ಎಲ್ಲಾ ಸೇರಿ ಎಷ್ಟಾಗುತ್ತೆ ಲೆಕ್ಕ ಹಾಕಿ ಆಮೇಲೆ ಹೂಂ ಅನ್ನಿ. ಹೈಸ್ಕೂಲ್ ಟೀಮಲ್ಲಿ ಆಡೋ ನೂರು ಹುಡುಗರಲ್ಲಿ ಒಬ್ಬನಿಗೆ ಡಿವಿಜನ್ ಒನ್, ಅಂದ್ರೆ ಮೇಲಿನ ಮಟ್ಟದಲ್ಲಿ ಆಡೋ ಕಾಲೇಜ್ ಸಿಗುತ್ತೆ. ಇನ್ನೊಂದು, ಎಚ್4 (ಎಚ್1ಬಿಯವ್ರ ಹೆಂಡತಿ ಮಕ್ಕಳಿಗೆ ಕೊಡೋ ವೀಸಾ) ಮೇಲೆ ಇರೋ ಹುಡುಗ ಇಲ್ಲಿ ಸಂಪಾದನೆ ಮಾಡೋ ಹಾಗಿಲ್ಲ, ಯಾರಾದ್ರೂ ದುಡ್ಡು ಕೊಡ್ತೀನಿ ಅಂದ್ರೆ ಸೈನ್ ಮಾಡೋಕೆ ಮುಂಚೆ ವಕೀಲರನ್ನ ಕೇಳಿ. ಇಪ್ಪತ್ತೊಂದಕ್ಕೆ ಎಚ್4 ಮುಗಿಯುತ್ತೆ ಅನ್ನೋದೂ ತಲೇಲಿರ್ಲಿ. ಮತ್ತೆ ದಯವಿಟ್ಟು ಸಂಘದ ಊಟದಲ್ಲಿ ಎಲ್ರ ಮುಂದೆ ನಮ್ಮ ಹುಡುಗ ಡ್ಯೂಕಿಗೆ ಆಡ್ತಾನೆ ನೋಡ್ತಿರಿ ಅಂತ ಹೇಳ್ಬೇಡಿ, ಯುಗಾದಿಗೆ ಒಂದ್ಸಲ ಹೇಳಿದ್ರಿ, ನಾನು ಕೇಳಿಸ್ಕೊಂಡೆ. ಅವ್ನು ಇನ್ನೂ ವಿಮಾನನೇ ಹತ್ತಿಲ್ಲ.

ಡ್ಯೂಕಿನ ಕ್ಯಾಮರನ್ ಸ್ಟೇಡಿಯಂ ಟಿಕೆಟ್ ಆಸೆ ಬಿಡಿ, 9,314 ಸೀಟು, ಡ್ಯೂಕ್ ಹುಡುಗರೇ ಕ್ಯಾರೊಲೈನಾ ಪಂದ್ಯಕ್ಕೆ ವಾರಗಟ್ಟಲೆ ಟೆಂಟ್ ಹಾಕ್ಕೊಂಡು ಚಳಿಲಿ ಮಲಗಿರ್ತಾರೆ. ನವೆಂಬರ್, ಡಿಸೆಂಬರಲ್ಲಿ ಸಣ್ಣ ಟೀಮ್‌ಗಳ ಜೊತೆ ಆಡುವಾಗ ಚಾಪಲ್ ಹಿಲ್ಲಲ್ಲಿ ಟಿಕೆಟ್ ಆರಾಮಾಗಿ ಸಿಗುತ್ತೆ, ಮಗನ್ನ ಕರ್ಕೊಂಡು ಹೋಗಿ, ಮೇಲಿನ ಸೀಟಲ್ಲಿ ಕೂತು ಬೆಂಚ್ ಕಡೆ ನೋಡೋಕೆ ಹೇಳಿ, ಆಡದೇ ಇರೋ ಹುಡುಗರು ಏನು ಮಾಡ್ತಾರೆ ಅಂತ. ಡ್ಯೂಕ್ ಪಂದ್ಯದ ದಿನ ನಮ್ಮ ಮನೆಗೇ ಬನ್ನಿ, ಬಿಸಿಬೇಳೆಬಾತ್ ಇರುತ್ತೆ. ಹುಡುಗ ಡ್ಯೂಕ್ ಜರ್ಸಿ ಹಾಕ್ಕೊಂಡು ಬಂದ್ರೆ ಊಟ ಹಾಕ್ತೀನಿ, ಸೋಫಾ ಮೇಲೆ ಮಾತ್ರ ಕೂರಿಸಲ್ಲ.