32 ಪುಸ್ತಕಗಳ ಪಟ್ಟಿ, ನಿದ್ದೆ ಬಿಟ್ಟ ಹುಡುಗ

ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಹುಡುಗ ಮತ್ತು ಅವನ ತಂದೆ ಇಬ್ಬರೂ ಒಪ್ಪಿದ್ದಾರೆ.

"ಅಕ್ಕಾರ, ಇವಗ ಪುಸ್ತಕದ ಹುಚ್ಚು ಹಿಡದೈತಿ. ಊಟ ಇಲ್ಲ, ನಿದ್ದಿ ಇಲ್ಲ. ಒಂದೀಟು ಬುದ್ಧಿ ಹೇಳ್ರಿ."

ಇಂಡಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ತಂದೆ ನನ್ನ ಆಪ್ತಸಲಹೆಯ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದರು. ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಮಗ. ಅವನನ್ನು ಬಸು ಎಂದು ಕರೆಯುತ್ತೇನೆ. 22 ವರ್ಷ. ವಿಜಯಪುರದ ಹಾಸ್ಟೆಲ್‌ನಲ್ಲಿದ್ದು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದಾನೆ. ಮನೆಯಲ್ಲಿ ಲಿಂಬೆ ತೋಟ. ಡಿಗ್ರಿ ದಾಟಿ ಮುಂದೆ ಓದುತ್ತಿರುವವರಲ್ಲಿ ಅವರ ಮನೆತನಕ್ಕೆ ಇವನೇ ಮೊದಲಿಗ.

ತಂದೆಯನ್ನು ಹೊರಗೆ ಕೂರಿಸಿ ಬಸು ಜೊತೆ ಮಾತಾಡಿದೆ. ಮೊದಲ ಹತ್ತು ನಿಮಿಷ "ಏನಿಲ್ರಿ ಮೇಡಮ್" ಅಷ್ಟೇ. ಆಮೇಲೆ ಕಿಸೆಯಿಂದ ಮಡಚಿದ ಹಾಳೆ ತೆಗೆದ. ಅದು ಒಂದು ಪಟ್ಟಿ. ಆರು ತಿಂಗಳ ಹಿಂದೆ ಒಬ್ಬ ಹಿರಿಯ ವಿಜ್ಞಾನಿಯ ಉಪನ್ಯಾಸ ಕೇಳಿದ್ದ. ತುಂಬಾ ಓದಿಕೊಂಡ ಮನುಷ್ಯ. ವಿಜ್ಞಾನ, ಇತಿಹಾಸ, ಕಾದಂಬರಿ, ಕವಿತೆ ಎಲ್ಲ ಸೇರಿಸಿ ತಮಗೆ ಇಷ್ಟವಾದ ಪುಸ್ತಕಗಳನ್ನು ಹೇಳುತ್ತಾ ಹೋದರಂತೆ. ಬಸು ಒಂದನ್ನೂ ಬಿಡದೆ ಬರೆದುಕೊಂಡಿದ್ದ. 32 ಹೆಸರು. ಡಾರ್ವಿನ್ನನ 'ಆರಿಜಿನ್ ಆಫ್ ಸ್ಪೀಶೀಸ್' ಇತ್ತು, ಶ್ರೋಡಿಂಗರ್‌ನ 'ವಾಟ್ ಈಸ್ ಲೈಫ್' ಇತ್ತು, ಟಾಲ್‌ಸ್ಟಾಯ್ ಇದ್ದ.

ಮನೆಯಿಂದ ಬಂದ ಲಿಂಬೆ ದುಡ್ಡಿನಲ್ಲಿ ಹನ್ನೊಂದು ಪುಸ್ತಕ ತರಿಸಿದ. ಎಲ್ಲ ಇಂಗ್ಲಿಷ್. ಪ್ರತಿಯೊಂದರಲ್ಲೂ ಹತ್ತು ಹದಿನೈದು ಪುಟದ ಹೊತ್ತಿಗೆ ಸಿಕ್ಕಿಬಿದ್ದ. ಒಂದನ್ನು ಬಿಟ್ಟು ಇನ್ನೊಂದು ಹಿಡಿದ. ರಾತ್ರಿ ಎರಡು ಗಂಟೆವರೆಗೆ ಕೂತ. ಬೆಳಿಗ್ಗೆ ಪ್ರಾಕ್ಟಿಕಲ್ ತಪ್ಪಿತು. ಕೊನೆಗೆ ಪುಸ್ತಕಗಳನ್ನೆಲ್ಲ ಟ್ರಂಕಿನಲ್ಲಿ ಹಾಕಿ ಮಂಚದ ಕೆಳಗೆ ತಳ್ಳಿದ್ದಾನೆ. "ಅವ್ರು ಇಷ್ಟೆಲ್ಲಾ ಓದ್ಯಾರ. ನನಗ ಒಂದೂ ಮುಗಿಯೂದಿಲ್ಲ. ನಾನು ಸೈನ್ಸಿಗೆ ಲಾಯಕ್ಕಲ್ರಿ ಮೇಡಮ್" ಎಂದ. ಕಣ್ಣು ತುಂಬಿತ್ತು.

ಇಂಥ ಮಾತು ಕೇಳಿದಾಗ ನಾನು ಒಂದು ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತೇನೆ. ಸಾಯಬೇಕು ಅನಿಸಿದೆಯಾ? ಇಲ್ಲ ಎಂದ. ಹೇಳಿದ ರೀತಿ ನೋಡಿ ನಂಬಿದೆ. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವನ ಫೋನಿನಲ್ಲಿ ಹಾಕಿಸಿದೆ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂದು ತಂದೆಗೂ ಮಗನಿಗೂ ಹೇಳಿದೆ.

ಆ ಪಟ್ಟಿ ಒಬ್ಬ ಮನುಷ್ಯ ಎಷ್ಟೋ ವರ್ಷಗಳಲ್ಲಿ ಓದಿದ್ದು. ಬಸು ಕೇಳಿದ್ದು ಒಂದು ಮಧ್ಯಾಹ್ನ. ಹಾಗಾಗಿ ಅದು ಅವನಿಗೆ ಸಿಲೆಬಸ್ ಥರ ಕಂಡಿತು, ಸೆಮಿಸ್ಟರ್ ಒಳಗೆ ಮುಗಿಸಬೇಕು ಅನ್ನೋ ಹಾಗೆ. ನಮ್ಮ ಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇದರ ಜೊತೆ ಇಂಗ್ಲಿಷಿನ ನಾಚಿಕೆಯೂ ಸೇರಿಕೊಳ್ಳುತ್ತದೆ. ನಿಧಾನ ಓದಿದರೆ ದಡ್ಡ ಅಂದುಕೊಳ್ಳುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಅದಕ್ಕೇ ಅವನ ಪಟ್ಟಿಯಲ್ಲಿದ್ದ ಡಾರ್ವಿನ್ನನನ್ನೇ ಹಿಡಿದುಕೊಂಡೆ. ಅವನ ಓದಿನ ಬಗ್ಗೆ ಮಗ ಫ್ರಾನ್ಸಿಸ್ ಬರೆದಿಟ್ಟ ನೆನಪುಗಳಿವೆ. ಡಾರ್ವಿನ್ನನಿಗೆ ಜರ್ಮನ್ ಭಾಷೆ ಸುಲಭವಾಗಿ ಬರುತ್ತಿರಲಿಲ್ಲ. ನಿಘಂಟು ಇಟ್ಟುಕೊಂಡು ಒಂದೇ ವಾಕ್ಯವನ್ನು ಮತ್ತೆ ಮತ್ತೆ ಓದುತ್ತಿದ್ದ, ಕೊನೆಗೆ ಅರ್ಥ ಹೊಳೆಯುತ್ತಿತ್ತು. ಇನ್ನೊಂದು ಸಂಗತಿ ಕೇಳಿ ಬಸು ಮೊದಲ ಸಲ ನಕ್ಕ. ಪುಸ್ತಕ ದಪ್ಪ ಇದ್ದು ಹಿಡಿಯಲು ಭಾರವಾದರೆ ಡಾರ್ವಿನ್ ಅದನ್ನು ಎರಡು ತುಂಡು ಮಾಡಿಬಿಡುತ್ತಿದ್ದ. ಅವನಿಗೆ ಪುಸ್ತಕ ಅಂದರೆ ಕೆಲಸದ ಸಾಮಾನು, ಪೂಜೆಗೆ ಇಡುವ ವಸ್ತು ಅಲ್ಲ.

"ಹರೀಲೇನ್ರಿ ಹಂಗಾದ್ರ?"

"ಬ್ಯಾಡಪಾ, ಅಪ್ಪ ದುಡ್ಡು ಕೊಟ್ಟಾರ" ಎಂದೆ.

ಆಮೇಲೆ ಬೇರೆ ಮಾತು ತೆಗೆದೆ. ಊರಲ್ಲಿ ಏನು ಮಾಡುತ್ತೀ, ಯಾವುದರಲ್ಲಿ ಹೊತ್ತು ಹೋಗಿದ್ದು ಗೊತ್ತಾಗೋದಿಲ್ಲ? ಸ್ವಲ್ಪ ಸಂಕೋಚದಿಂದಲೇ ಹೇಳಿದ. ಸೋಮವಾರ ರಾತ್ರಿ ಗುಡಿಯ ಭಜನೆಯಲ್ಲಿ ತಬಲಾ ಬಾರಿಸುತ್ತಾನೆ. ಹಾಸ್ಟೆಲ್‌ನಲ್ಲಿ ಯಾರಿಗೂ ಹೇಳಿಲ್ಲ.

ನನಗೆ ದಾರಿ ಸಿಕ್ಕಿದ್ದು ಅಲ್ಲಿ. ಸಿ.ವಿ. ರಾಮನ್ ತಮ್ಮನ್ನು ರೂಪಿಸಿದ ಪುಸ್ತಕಗಳ ಬಗ್ಗೆ ಹೇಳುವಾಗ ಮೂರನ್ನು ಹೆಸರಿಸಿದ್ದಾರೆ. ಒಂದು ಬುದ್ಧನ ಬದುಕಿನ ಮೇಲೆ ಎಡ್ವಿನ್ ಆರ್ನಾಲ್ಡ್ ಬರೆದ ಕಾವ್ಯ 'ದಿ ಲೈಟ್ ಆಫ್ ಏಷ್ಯಾ'. ಇನ್ನೊಂದು ಯೂಕ್ಲಿಡ್‌ನ ರೇಖಾಗಣಿತ. ಮೂರನೆಯದು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನಾದದ ಬಗ್ಗೆ ಬರೆದ ಗ್ರಂಥ. ಆ ಮೂರನೆಯದರ ಗುಂಗು ಅವರನ್ನು ನಮ್ಮ ವಾದ್ಯಗಳ ಹತ್ತಿರ ಕರೆತಂದಿತು ಅಂತ ನನಗನಿಸುತ್ತದೆ. 1920ರಲ್ಲಿ ಅವರು ಒಬ್ಬ ಸಹೋದ್ಯೋಗಿಯ ಜೊತೆ ಮೃದಂಗ, ತಬಲಾಗಳ ನಾದದ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬರೀ ಚರ್ಮ ಬಿಗಿದ ವಾದ್ಯದಿಂದ ಬರುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ತಬಲಾದ ನಡುವಿನ ಕಪ್ಪು ಬೊಟ್ಟಿನ ಭಾರದಿಂದಾಗಿ ಮೇಲಿನ ಸ್ವರಗಳ ಕಂಪನ ಮೂಲ ಸ್ವರದ ಕಂಪನದ 2, 3, 4, 5 ಪಟ್ಟಾಗಿ ಬಂದು ಕೂಡುತ್ತದೆ. ಅದಕ್ಕೇ ಅದು ಹಾಡಿನ ಜೊತೆ ಹೊಂದುತ್ತದೆ.

ಬಸು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾ ಕೂತ. "ಇಷ್ಟ್ ದಿನಾ ಬಾರಿಸೀನಿ. ಇದು ಗೊತ್ತ ಇರ್ಲಿಲ್ರಿ" ಎಂದ.

ಕೊಟ್ಟ ಸಲಹೆ ಹೀಗಿತ್ತು. ಪಟ್ಟಿಯನ್ನು ಹರಿಯುವುದು ಬೇಡ. ಡೈರಿಯ ಕೊನೆಯ ಪುಟದಲ್ಲಿ ಅಂಟಿಸಿ ಮುಚ್ಚಿಡು. ನಿನ್ನದೇ ಪಠ್ಯದಲ್ಲಿ ಕಂಪನ ಮತ್ತು ಶಬ್ದದ ಪಾಠ ಇದೆ, ಅಲ್ಲಿಂದ ಹೊರಡು. ದಿನಕ್ಕೆ ಅರ್ಧ ಗಂಟೆ ಸಾಕು. ಅರ್ಥ ಆಗದ ವಾಕ್ಯವನ್ನು ಗಟ್ಟಿಯಾಗಿ ಓದು, ಮತ್ತೆ ಓದು, ನಿನ್ನ ಮಾತಿನಲ್ಲಿ ಕನ್ನಡದಲ್ಲಿ ಬರೆ. ರಾತ್ರಿ ಹನ್ನೊಂದರ ಮೇಲೆ ಇಂಗ್ಲಿಷ್ ಪುಸ್ತಕ ಮುಟ್ಟಬೇಡ. ಮಲಗುವ ಮುಂಚೆ ಓದಲೇಬೇಕು ಅನಿಸಿದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದು. ಸಸ್ಯವಿಜ್ಞಾನಿ ಬರೆದದ್ದು. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಕಥೆ, ನಗಿಸುತ್ತಲೇ ಗಿಡಗಳ ಬಗ್ಗೆ ಹೇಳುತ್ತದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಇಷ್ಟವಾಗದಿದ್ದರೆ ಅದನ್ನೂ ಬಿಡಬಹುದು. ಆದರೆ ಪ್ರಾಕ್ಟಿಕಲ್ ಒಂದೂ ತಪ್ಪುವಂತಿಲ್ಲ. ಸೋಮವಾರದ ಭಜನೆಯನ್ನೂ ಬಿಡುವ ಹಾಗಿಲ್ಲ, ಇಲ್ಲೇ ವಿಜಯಪುರದಲ್ಲಿ ಒಂದು ಭಜನಾ ಮೇಳ ನೋಡಿಕೋ ಎಂದೆ.

ತಂದೆಯ ಜೊತೆ ಮಾತಾಡುವುದು ಸ್ವಲ್ಪ ಕಷ್ಟವಾಯಿತು. ಪುಸ್ತಕಗಳನ್ನೆಲ್ಲ ಊರಿಗೆ ಒಯ್ಯುತ್ತೇನೆ ಎಂದು ಹಟ ಹಿಡಿದಿದ್ದರು. ನಾನು ಒಪ್ಪಲಿಲ್ಲ. ಪುಸ್ತಕ ಕಿತ್ತುಕೊಂಡರೆ "ನಾನು ಲಾಯಕ್ಕಲ್ಲ" ಅನ್ನುವ ಮಾತಿಗೆ ಅಪ್ಪನೇ ಸಹಿ ಹಾಕಿದ ಹಾಗಾಗುತ್ತದೆ. ದುಡ್ಡಿನ ನೋವು ನನಗೂ ಅರ್ಥವಾಗುತ್ತದೆ, ಬಿಸಿಲಲ್ಲಿ ನಿಂತು ಲಿಂಬೆ ಬಿಡಿಸಿದ ದುಡ್ಡು. ಇನ್ನು ಮೇಲೆ ಕೊಳ್ಳುವ ಮುಂಚೆ ಲೈಬ್ರರಿಯಲ್ಲಿ ಹುಡುಕಬೇಕು ಎಂದು ಮಗನಿಂದ ಮಾತು ತೆಗೆದುಕೊಂಡೆವು. ತಂದೆಗೆ ಕೇಳಿದ್ದು ಒಂದೇ. "ಎಷ್ಟು ಓದಿದಿ" ಅಂತ ಕೇಳಬೇಡಿ. ರವಿವಾರ ಫೋನ್ ಮಾಡಿ, "ಏನ್ ಓದಿದಿ, ನನಗೂ ಹೇಳು" ಅನ್ನಿ.

"ನನಗೇನ್ ತಿಳೀತೈತ್ರಿ ಅಕ್ಕಾರ?"

"ತಿಳಿಯೂ ಹಂಗ ಹೇಳೂದು ಅವನ ಕೆಲಸ."

ಎರಡನೇ ವಾರಕ್ಕೆ ನಿದ್ದೆ ಬಂತು, ವೈದ್ಯರ ಹತ್ತಿರ ಹೋಗುವ ಪ್ರಸಂಗ ಬರಲಿಲ್ಲ. ನಡುವೆ ಒಮ್ಮೆ ಮತ್ತೆ ಟ್ರಂಕ್ ತೆರೆದು ರಾತ್ರಿಯಿಡೀ ಕೂತಿದ್ದನಂತೆ, ಅದನ್ನು ತಾನೇ ಬಂದು ಹೇಳಿದ. ಐದನೇ ಭೇಟಿಗೆ ಬಂದಾಗ ಕೈಯಲ್ಲಿ ನೋಟ್‌ಬುಕ್ ಇತ್ತು. ಭಾನುವಾರ ಅಪ್ಪನಿಗೆ ತಬಲಾದ ಕಪ್ಪು ಬೊಟ್ಟಿನ ವಿಷಯ ಹೇಳಿದ್ದ. ಅಪ್ಪ ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ, "ಹಂಗಾದ್ರ ಡೊಳ್ಳಿಗ್ಯಾಕ ಕರಿ ಹಚ್ಚೂದಿಲ್ಲಪಾ?"

ಬಸು ಎರಡು ಪುಟ ಬರೆದಿದ್ದ. ಎರಡನೆಯದರಲ್ಲಿ ಅರ್ಧ ಹೊಡೆದು ಹಾಕಿದ್ದ. "ಇನ್ನೂ ಪೂರಾ ಬಂದಿಲ್ರಿ ಮೇಡಮ್, ಈ ರವಿವಾರದೊಳಗ ಹೇಳಬೇಕು" ಎಂದು ಹೇಳಿ, ಲೈಬ್ರರಿ ಮುಚ್ಚುವ ಹೊತ್ತಾಯಿತೆಂದು ಬೇಗ ಎದ್ದ.