ಕಪ್ಪೆ ನೆನಪಿದೆ, ಬಾಚಿ ನೆನಪಿಲ್ಲ!

ಪ್ರಶ್ನೆ: ಸರ್, ತುಮಕೂರು ಪಕ್ಕದ ಕೈದಾಳದ ಚೆನ್ನಕೇಶವನನ್ನು ಕೆತ್ತಿದ್ದು ಜಕಣಾಚಾರಿಯೇ ತಾನೆ? ಆ ಮೂರ್ತಿಯಲ್ಲಿ ಕಪ್ಪೆ ಸಿಕ್ಕಿದ್ದು ನಿಜವೇ?

ಉತ್ತರ: ಈ ಪ್ರಶ್ನೆ ಬರದ ತಿಂಗಳೇ ಇಲ್ಲ. ಮೊದಲು ಕಥೆಯನ್ನಾದರೂ ಸರಿಯಾಗಿ ಹೇಳಿ. ಕಪ್ಪೆ ಬೇಲೂರಿನದು, ಕೈದಾಳದ್ದಲ್ಲ. ಅಪ್ಪ ಕೆತ್ತಿದ ಮೂರ್ತಿಯಲ್ಲಿ ದೋಷ ಇದೆ ಅಂದವನು ಮಗ ಡಂಕಣ. ಮೂರ್ತಿಗೆ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಮಾತ್ರ ಒದ್ದೆ. ಅಲ್ಲಿ ಒಡೆದರೆ ನೀರು, ಮರಳು, ಕಪ್ಪೆ. ಜಕಣ ಆಡಿದ ಮಾತಿನಂತೆ ಕೈ ಕಡಿದುಕೊಂಡ. ಆಮೇಲೆ ಕೈದಾಳದಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತಂತೆ.

ಸೊಗಸಾದ ಕಥೆ. ನನ್ನ ಮೊಮ್ಮಕ್ಕಳಿಗೂ ಹೇಳಿದ್ದೇನೆ. ಆದರೆ ಕೈದಾಳದ ಶಾಸನ ಹೇಳುವ ಹೆಸರೇ ಬೇರೆ. ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳೆ ಬಾಚಿ, 1150-51ರ ಹೊತ್ತಿಗೆ ಅಲ್ಲಿ ಗುಡಿ ಕಟ್ಟಿಸಿದ. ಚೆನ್ನಕೇಶವನಿಗೆ ಕೈ ಮುಗಿದು ಹಾಗೇ ಕಾರು ಹತ್ತುತ್ತೀರಿ. ಪಕ್ಕದ ಗಂಗಾಧರೇಶ್ವರನ ಕಡೆ ಯಾರೂ ತಿರುಗಿಯೂ ನೋಡಲ್ಲ.

ಬೇಲೂರಿಗೆ ಬನ್ನಿ. ಅದು 1117ರ ದೇವಸ್ಥಾನ. ಅಲ್ಲಿನ ಶಿಲ್ಪಿಗಳು ಶಿಲ್ಪದ ಕೆಳಗೇ ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಜಕಣನ ಹೆಸರು ಎಲ್ಲೂ ಇಲ್ಲ. ಅಪ್ಪ-ಮಗ ಬೇಕಿದ್ದರೆ ನಿಜವಾದ ಅಪ್ಪ-ಮಗ ಇಲ್ಲೇ ಇದ್ದಾರಲ್ವಾ? ಇವರ ಬಗ್ಗೆ ಒಬ್ಬರೂ ಕೇಳಲ್ಲ. 'ಸರ್ಕಾರವೇ ಜಕಣಾಚಾರಿ ಪ್ರಶಸ್ತಿ ಕೊಡುತ್ತೆ' ಅಂತ ವಾದಿಸಬೇಡಿ. ಪ್ರಶಸ್ತಿ ಶಾಸನ ಅಲ್ಲ.

ಇನ್ನೊಂದು ಮಾತು. ಅಕ್ಷರ ಕಾಣಲಿ ಅಂತ ಶಾಸನಕ್ಕೆ ಸೀಮೆಸುಣ್ಣ, ಎಣ್ಣೆ, ಅರಿಶಿನ ಉಜ್ಜಬೇಡಿ. ಓದುವವರು ಒದ್ದೆ ಕಾಗದ ಒತ್ತಿ, ಬ್ರಷ್‌ನಿಂದ ಮೆಲ್ಲಗೆ ತಟ್ಟಿ, ಮೇಲೆ ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ನಿಮಗೆ ಸಂಜೆಯ ಓರೆ ಬಿಸಿಲು ಸಾಕು. ಬಿಸಿಲಿಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

ಪ್ರಶ್ನೆ: ದೇವರಾಯನದುರ್ಗದ ನಾಮದ ಚಿಲುಮೆ ರಾಮನ ಬಾಣದಿಂದ ಚಿಮ್ಮಿದ್ದಂತೆ. ಆ ನೀರು ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತಾ?

ಉತ್ತರ: ಇಲ್ಲ. ಹೋಗುತ್ತೆ ಅಂದವನ ಹತ್ತಿರ ಬಾಟಲಿ ಕೊಳ್ಳಬೇಡಿ, ಮಾತ್ರೆ ಬಿಡಬೇಡಿ.

ಪ್ರಶ್ನೆ: ನಮ್ಮೂರ ಹಳೇ ಗುಡಿಯಲ್ಲಿ ಹಾವಿನ ಕಲ್ಲಿದೆ. ಕೆಳಗೆ ನಿಧಿ ಇದೆ ಅಂತ ಒಬ್ಬ ಸ್ವಾಮಿ ಹೇಳ್ತಿದ್ದಾರೆ.

ಉತ್ತರ: ಅದು ನಾಗರಕಲ್ಲು. ಆ ಸ್ವಾಮಿ ರಾತ್ರಿ ಹಾರೆ ತರುವ ಮೊದಲು ಪೊಲೀಸರಿಗೆ ತಿಳಿಸಿ.